ಭೋಜನ ಕತ್ತಿ

ಭೋಜ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಯಲ್ಲಿ ನೀನು ಸತ್ತ ಮೇಲೂ ಪತ್ರ ಬರೆಸುತ್ತೀಯಲ್ಲ ಮಾರಾಯ!

ನಿನ್ನ ಮಗಳು ವಿಜೇತಾ ಕಾರ್ಕಳದಿಂದ ಬಂದು ನಿನ್ನ ಕ್ಷೌರದ ಕತ್ತಿ ಕೊಟ್ಟಳು. “ನಿಮಗೇ ಕೊಡ್ಲಿಕ್ಕೆ ಅಪ್ಪ ಹೇಳಿದ್ರು ಮಾಮ” ಎಂದಳು. ಹುಣಸೆಹುಳಿ ಹಚ್ಚಿ ತುಕ್ಕು ತೆಗೆದೆ. ಮೂರು ದಿನ ಸಾಣೆಕಲ್ಲಿಗೆ ತಿಕ್ಕಿ ಭುಜ ಸೋತುಹೋಯಿತು. ಇವತ್ತು ಬೆಳಿಗ್ಗೆ ನಾನೇ ಗಡ್ಡ ತೆಗೆದೆ. ಕೆನ್ನೆ ನುಣ್ಣಗಾಯಿತು, ಖುಷಿಯೂ ಆಯಿತು. ಎಡಗುತ್ತಿಗೆಯಲ್ಲಿ ಮಾತ್ರ ರಕ್ತ ಬಂತು. ಅಲ್ಲಿ ನನ್ನ ಕೂದಲು ಮೇಲ್ಮುಖವಾಗಿ ಬೆಳೆಯುತ್ತದೆಂದು ಈಗ ಗೊತ್ತಾಯಿತು. ಮೂವತ್ತು ವರ್ಷ ನೀನು ಅಲ್ಲಿ ನನಗೆ ಹೇಳದೆಯೇ ಕತ್ತಿ ತಿರುಗಿಸಿ ಹಿಡಿಯುತ್ತಿದ್ದೆ. ಒಂದೇ ಸಲ ನಿನ್ನ ಕೈ ತಪ್ಪಿತು. “ಕುರುಡ, ಅಂಗಡಿ ಮುಚ್ಚು!” ಎಂದು ಕಾಪು ಪೇಟೆಗೇ ಕೇಳುವಂತೆ ನಾನು ಬೊಬ್ಬೆ ಹಾಕಿದೆ. ನೀನು ಮುಚ್ಚಿದೆ.

ಕತ್ತಿ ಕೊಟ್ಟದ್ದು ಸಿಟ್ಟು ಬಿಟ್ಟೋ, ನನ್ನನ್ನು ಹಂಗಿಸಲಿಕ್ಕೋ? ಹದಿನೈದನೇ ತಾರೀಕಿನೊಳಗೆ ಉತ್ತರ ಬೇಕು.