ಎರಡು ಕಿಂಡಿಯ ರೂಟರ್

ಮನೆಯಿಂದ,
ಮಾರ್ಚ್ ೯, ಸೋಮವಾರ

ಪ್ರೀತಿಯ ಮಗನೇ,

ಹೇಗಿದ್ದೀಯ? ನಿನ್ನ ಹೋದ ಕಾಗದದಲ್ಲಿ ಕೆಮ್ಮು ಎಂದು ಬರೆದಿದ್ದೆ. ಫೋನು ಮುಟ್ಟದ ಆ ದ್ವೀಪದ ದೀಪಸ್ತಂಭದ ಮೆಟ್ಟಿಲುಗಳನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ, ಎದೆಗೆ ಬೆಚ್ಚಗೆ ಏನಾದರೂ ಸುತ್ತಿಕೊಂಡಿರು. ನಿನ್ನ ಹೆಂಡತಿ ಡಾಕ್ಟರು ಹೇಳಿದಂತೆ ಮಂಚ ಬಿಟ್ಟು ಇಳಿಯುತ್ತಿಲ್ಲ. ಎಡ ಮಗ್ಗುಲಲ್ಲೇ ಮಲಗಿ ನನಗೆ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಾಳೆ. ಕೊಲೆಗಾರ ಯಾರೆಂದು ಮೊದಲೇ ಬಾಯಿಬಿಡುತ್ತಾಳೆ; ಸೊಸೆಯ ಮೇಲೆ ನನಗಿರುವ ದೂರು ಅದೊಂದೇ.

ನೀನು ಹೋದ ಮೇಲೆ ಆಸ್ಪತ್ರೆಯವರು ಮನೆಗೊಂದು ಯಂತ್ರ ಕೊಟ್ಟಿದ್ದಾರೆ. ಹೊಟ್ಟೆಗೆ ಪಟ್ಟಿ ಕಟ್ಟಿದರೆ ಮಗುವಿನ ಎದೆಬಡಿತ ಇಂಟರ್ನೆಟ್‌ನಲ್ಲಿ ಹೋಗಿ, ಅಲ್ಲಿ ನರ್ಸಮ್ಮನ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ನಮ್ಮ ಹಳೆಯ ರೂಟರ್ ಪೆಟ್ಟಿಗೆಗೆ ತಂತಿ ಸಿಕ್ಕಿಸಲು ಇದ್ದದ್ದು ಒಂದೇ ಕಿಂಡಿ, ಅದರಲ್ಲಿ ಹೊರಗಿನ ಲೈನು. ಹಾಗಾಗಿ ಯಂತ್ರಕ್ಕೆ ವೈಫೈ ಒಂದೇ ಗತಿ. ಎರಡು ದಪ್ಪ ಗೋಡೆ ದಾಟಿ ಅದು ಕೋಣೆ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಕಳೆದ ಬುಧವಾರ ಮಧ್ಯಾಹ್ನ ಗೆರೆ ನಿಂತೇ ಹೋಯಿತು. ನರ್ಸಮ್ಮ ಫೋನ್ ಮಾಡಿ, “ಬಡಿತ ಕಾಣ್ತಿಲ್ಲ, ಆಂಬುಲೆನ್ಸ್ ಕಳಿಸಿದ್ದೀವಿ” ಅಂದರು. ಆಂಬುಲೆನ್ಸಿನ ಇಬ್ಬರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸುವಾಗ ನಾನು ಬರಿಗಾಲಲ್ಲೇ ಹಿಂದೆ ಓಡಿದೆ. ಅಲ್ಲಿ ಹೋಗಿ ನೋಡಿದರೆ ಮಗು ಆಡಿಕೊಂಡಿದೆ, ನಿಂತದ್ದು ವೈಫೈ! ಯಂತ್ರ ನೋಡಿಕೊಳ್ಳುವ ಹುಡುಗಿ, “ಗಾಳಿ ನಂಬಬೇಡಿ ಅಮ್ಮಾ, ತಂತಿ ಹಾಕಿ. ಎರಡು ಇಥರ್ನೆಟ್ ಕಿಂಡಿ ಇರೋ ರೂಟರ್ ತನ್ನಿ. ಒಂದಕ್ಕೆ ಹೊರಗಿನ ಲೈನು, ಇನ್ನೊಂದಕ್ಕೆ ಈ ಯಂತ್ರ” ಎಂದಳು.

ಅವತ್ತೇ ಮನೆಗೆ ಬಂದೆವು. ಮರುದಿನ ಪಕ್ಕದ ಮನೆಯ ಟೀಚರನ್ನು ಸೊಸೆಯ ಹತ್ತಿರ ಕೂರಿಸಿ ಅಂಗಡಿಗೆ ಹೋದೆ. ಅಂಗಡಿಯವನು ಜಿರಳೆ ಮೀಸೆಯ ಹಾಗೆ ಆರಾರು ಆಂಟೆನಾ ಕಡ್ಡಿ ಇರುವ ರೂಟರುಗಳನ್ನು ತಂದಿಟ್ಟ. ನಾನು ಪ್ರತಿಯೊಂದನ್ನೂ ತಿರುಗಿಸಿ ನೋಡಿದೆ. “ಎಲ್ರೂ ಮುಖ ನೋಡ್ತಾರೆ, ನೀವು ಬೆನ್ನು ನೋಡ್ತೀರಲ್ಲ!” ಎಂದು ನಕ್ಕ. ಒಂದರಲ್ಲಿ ಎರಡು ಕಿಂಡಿ ಇತ್ತು, ಆದರೆ ಒಂದು ಸಣ್ಣದು, ಟೆಲಿಫೋನಿನದು. ಅದನ್ನೇ ಕಟ್ಟಿಕೊಡಲು ಹೊರಟಿದ್ದ. ಮೂವತ್ತು ವರ್ಷ ಟೈಪಿಂಗ್ ಕಲಿಸಿದ ಕಣ್ಣು, ಒಂದಕ್ಷರ ಓರೆಯಾದರೂ ತಿಳಿಯುತ್ತದೆ, ಬಿಡುತ್ತೇನೆಯೇ? ಕೊನೆಗೆ ಮೇಲಿನ ಅಟ್ಟದಿಂದ ಧೂಳು ಹಿಡಿದ ಪುಟ್ಟ ಪೆಟ್ಟಿಗೆ ಇಳಿಸಿದ. ಕಡ್ಡಿಯಿಲ್ಲ, ಅಂದವಿಲ್ಲ, ಎರಡು ಕಿಂಡಿಗಳೂ ಒಂದೇ ಅಳತೆ. ಟೀಚರ ಗಂಡ ಬಾಗಿಲ ಸಂದಿಯಿಂದ ತಂತಿ ಎಳೆದುಕೊಟ್ಟರು. ಅಂದಿನಿಂದ ಗೆರೆ ಒಮ್ಮೆಯೂ ಕಡಿದಿಲ್ಲ.

ಒಳ್ಳೆಯದಾಗಲಿ, ಕಂದಾ. ಗಾಳಿ ಜೋರಿದ್ದಾಗ ಮೇಲೆ ಹೊರಗೆ ನಿಲ್ಲಬೇಡ.

ನಿನ್ನ
ಅಮ್ಮ

ತಾ.ಕ. ದಡದಲ್ಲಿ ನಿಂತೇ ಇದನ್ನು ಸೇರಿಸುತ್ತಿದ್ದೇನೆ; ಕಾಗದ ಒಯ್ಯುವ ದೋಣಿಯವನು ಹೊರಡುವ ಅವಸರದಲ್ಲಿದ್ದಾನೆ. ಗೆರೆ ಕಡಿಯುವುದಿಲ್ಲ, ನಿಜ. ಆದರೆ ಮಗುವಿನ ಬಡಿತ ಆಗಾಗ ಕುಸಿಯುತ್ತಿದ್ದುದಕ್ಕೂ ನಾವೆಲ್ಲ ಹಳೆಯ ಪೆಟ್ಟಿಗೆಯನ್ನೇ ಬೈಯುತ್ತಿದ್ದೆವು. ತಂತಿ ಹಾಕಿದ ಮೇಲೂ ಕುಸಿಯುತ್ತಿದೆ. “ತಪ್ಪು ಲೈನಿನದಲ್ಲಮ್ಮಾ” ಎಂದರು ಡಾಕ್ಟರು, ಇವತ್ತು ಬೆಳಿಗ್ಗೆ. ಇನ್ನೂ ಎಂಟನೇ ತಿಂಗಳು, ಆದರೂ ಶುಕ್ರವಾರ ಆಪರೇಷನ್. ನಿನಗೆ ತಿಳಿಸಬೇಡಿ ಎಂದು ಅವಳು ನನ್ನ ಕೈ ಹಿಡಿದು ಕೇಳಿಕೊಂಡಳು. ಆಗಲಿ ಎಂದು ಸುಳ್ಳು ಹೇಳಿ ಬಂದಿದ್ದೇನೆ. ಈ ಕಾಗದ ತಂದ ದೋಣಿಯಲ್ಲೇ ಹೊರಟು ಬಾ. ಬಟ್ಟೆ ಮಡಿಸುತ್ತ ಕೂರಬೇಡ.