ಪೊಟ್ಟಣದ ಒಳಮೈ

ಓಹಾಯೋ
ಅಕ್ಟೋಬರ್ 9, 2011

ಪ್ರೀತಿಯ ಮಗಳು ಮರ್ಲಾಗೆ,

ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಹಂಡೆಗಟ್ಟಲೆ ಸೇಬಿನ ಪಾಕ ಕಾಯಿಸುತ್ತಿದ್ದೆ ಎಂದು ನೆಪ ಹೇಳಬಹುದು. ನಿಜವೆಂದರೆ, ನಿನ್ನ ಗಂಡನ ಮನೆಯವರು ಹೇಳುವುದನ್ನೆಲ್ಲ ಹೇಳಿ ಮುಗಿಸಲಿ ಎಂದು ಕಾಯುತ್ತಿದ್ದೆ.

ಹೋದ ವರ್ಷ, ಊರಿನವರು ಅಂತರ್ಯುದ್ಧದ ಸಿಪಾಯಿಗಳ ವೇಷ ಹಾಕಿ ಆಡುವ ಅಣಕು ಕಾಳಗದಲ್ಲಿ, ನಿನ್ನಪ್ಪನ ಕೋವಿ ಹಿಂದಕ್ಕೆ ಬೆಂಕಿ ಕಾರಿ ಬಲಗಣ್ಣು ಹೋಯಿತಲ್ಲ, ಆಗ ದಂಡಿನ ಕ್ಯಾಪ್ಟನ್ ಆಗಿದ್ದ ನಿನ್ನ ಮಾವ ರಾಯ್ಸ್ ಟ್ಯಾಕೆಟ್ ಏನೆಂದರು? "ಆರ್ವಿಲ್ ತೋಟಾಗೆ ಮದ್ದು ಜಾಸ್ತಿ ತುಂಬಿದ್ದ. ವಯಸ್ಸಾಯ್ತು, ಅಳತೆ ತಪ್ತು." ಊರು ನಂಬಿತು. ಅಂತರ್ಯುದ್ಧದ ಸಿಪಾಯಿಗಳು ಬಳಸುತ್ತಿದ್ದಂಥದೇ ಕಾಗದದ ತೋಟಾ ಸುತ್ತಿ, ಹತ್ತರ ಪೊಟ್ಟಣ ಕಟ್ಟಿ, ಆ ಕಾಲದಲ್ಲಿ ತೋಟಾ ತಯಾರಿಸುತ್ತಿದ್ದ ಮದ್ದಿನಮನೆಯ ಚೀಟಿಯನ್ನು ಕೈಯಾರೆ ಅಚ್ಚು ಹಾಕಿ ಅಂಟಿಸುತ್ತಿದ್ದ ಮನುಷ್ಯ, ಆಮೇಲೆ ಚರ್ಚಿಗೂ ಬರಲಿಲ್ಲ.

ಸಾಲಿನಲ್ಲಿ ಅವರ ಪಕ್ಕ ನಿಲ್ಲುತ್ತಿದ್ದ ಲೈಲ್ ಹೋಬಾರ್ಟ್ ಈ ಬೇಸಿಗೆಯಲ್ಲಿ, ಚರ್ಚಿನ ಊಟದ ಹೊತ್ತಿಗೆ, ನನ್ನೆದುರು ತಟ್ಟೆ ಕೆಳಗಿಟ್ಟು ಅತ್ತುಬಿಟ್ಟ. "ಅಕ್ಕಾ, ಇನ್ನು ಮುಚ್ಚಿಡಕ್ಕಾಗಲ್ಲ. ಜನಕ್ಕೆ ಸದ್ದು ಸಾಲ್ದು, ಒಂದೊಂದು ಕೋವಿಗೆ ಎರಡೆರಡು ತೋಟಾ ಮದ್ದು ಸುರೀರಿ ಅಂದಿದ್ದು ಕ್ಯಾಪ್ಟನ್ನೇ. ಆರ್ವಿಲಣ್ಣ ಬೇಡ ಅಂದ್ರು. ಹೆದರುಪುಕ್ಲ ಅಂತ ಕ್ಯಾಪ್ಟನ್ ಎಲ್ರೆದುರು ನಕ್ಬಿಟ್ರು. ಆಮೇಲೆ ಅಣ್ಣನೂ ಎರಡು ಸುರಿದ್ರು."

ಸ್ವಲ್ಪ ದಿನಕ್ಕೇ ನಿನ್ನ ಮಾವ ಅಂಗಳಕ್ಕೆ ಬಂದರು. "ಬೀಗಿತಿಯೋರೆ, ಸೆಪ್ಟೆಂಬರ್ ಕಾಳಗಕ್ಕೆ ನಿಮ್ಮನೆ ಪೊಟ್ಟಣನೇ ಬೇಕು. ಮದ್ದು ಮಾತ್ರ ನೀವೇ ಅಳೀರಿ. ಅವನ ಕೈಗೆ ಕೊಡ್ಬೇಡಿ." ನಿನ್ನಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು.

ನಾನು ನಕ್ಕೆ. "ಜನ್ಮದಲ್ಲಿ ಮರೀಬಾರ್ದು, ಹಾಗೆ ಕಟ್ಕೊಡ್ತೀನಿ."

ಮದ್ದಿನಲ್ಲಿ ಸಾಸಿವೆಯಷ್ಟೂ ಹೆಚ್ಚುಕಮ್ಮಿ ಮಾಡಲಿಲ್ಲ. ಸೇಡು ಬೇರೆ, ಕೊಲೆ ಬೇರೆ. ಹೊರಗೆ ಎಂದಿನ ಚೀಟಿಯೇ ಇತ್ತು: ಹತ್ತು ತೋಟಾ, ಮದ್ದಿನಮನೆಯ ಹೆಸರು, 1862. ಪೊಟ್ಟಣ ಸುತ್ತಿದ ಕಾಗದದ ಒಳಮೈಯಲ್ಲಿ ಅದೇ ಹಳೆಯ ಅಚ್ಚಿನಿಂದ ಒತ್ತಿದೆ: "ಎರಡು ತೋಟಾ ಸುರಿಯಲು ಹೇಳಿದವನು ರಾಯ್ಸ್ ಟ್ಯಾಕೆಟ್. ಹೋದದ್ದು ಆರ್ವಿಲ್‌ನ ಕಣ್ಣು."

ನಿನ್ನ ಮಾವ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ ಹೊಗಳಿದರು. ಕಾಳಗದ ದಿನ ಮೈದಾನದ ಸುತ್ತ ಜನವೋ ಜನ. ನಿನ್ನ ಮಾವ ಕತ್ತಿ ಎತ್ತಿ "ಕೋವಿ ತುಂಬಿ!" ಎಂದು ಕೂಗಿದರು. ಸಾಲಿನುದ್ದಕ್ಕೂ ಕಾಗದ ಹರಿದ ಸದ್ದು, ಆಮೇಲೆ ಎಲ್ಲರ ತಲೆಯೂ ಆ ಕಾಗದದ ಮೇಲೆ ಬಾಗಿತು. ಮತ್ತೆ ಕೂಗಿದರು. ಯಾರೋ ಒಬ್ಬ ಗಟ್ಟಿಯಾಗಿ ಓದಿಬಿಟ್ಟ. ಲೈಲ್ ಕೋವಿಯನ್ನು ಹುಲ್ಲಿನ ಮೇಲಿಟ್ಟು, "ನಿಜ. ನನ್ ಕಿವಿಯಾರೆ ಕೇಳಿದ್ದೀನಿ" ಅಂದ. ಒಬ್ಬೊಬ್ಬರಾಗಿ ಉಳಿದವರೂ ಕೋವಿ ಕೆಳಗಿಟ್ಟರು.

"ಯಾರ ಕೆಲ್ಸ ಇದು?" ನಿನ್ನ ಮಾವನ ಮುಖ ಕೆಂಡವಾಗಿತ್ತು.

"ನಂದೇ, ಬೀಗರೆ," ಎಂದೆ, ನೋಡುವ ಜನರಿಗೆಂದು ಕಟ್ಟಿದ ಹಗ್ಗದ ಈಚೆಯಿಂದ. "ಇನ್ನೊಂದ್ಸಲ ಓದ್ಸಿ. ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ."

ಆ ಬಯಲಿನಲ್ಲಿ ಅವರೊಬ್ಬರೇ ಕತ್ತಿ ಹಿಡಿದು ನಿಂತಿದ್ದುದನ್ನು ನಾನು ಕಣ್ತುಂಬ ನೋಡಿದೆ. ದಂಡು ಅವರನ್ನು ಹೊರಹಾಕಿತು. ಹೊಟ್ಟೆ ತಣ್ಣಗಾಯಿತು ಮಗಳೇ, ನಿನ್ನ ಹತ್ತಿರ ಮುಚ್ಚಿಡಲಾರೆ. ನಿನ್ನಪ್ಪ ಮಾತ್ರ, "ಐಡಾ, ಇಷ್ಟಕ್ಕೆಲ್ಲ ಕಣ್ಣು ಬರ್ಲಿಲ್ವಲ್ಲೇ" ಅಂದರು. "ಮಾನ ಬಂತಲ್ಲ" ಅಂದೆ. ಹೋದ ಭಾನುವಾರ ಅವರು ಚರ್ಚಿಗೆ ಬಂದರು.

ಚಳಿ ಶುರುವಾಗಿದೆ, ಬೆಚ್ಚಗಿರಿ. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಐಡಾ

ಮರೆತಿದ್ದೆ: ಹೋದ ವರ್ಷ ಕಣ್ಣು ಹೋದಮೇಲೆ ನಡೆದ ದಂಡಿನ ವಿಚಾರಣೆಯಲ್ಲಿ "ನಿಮ್ಮಪ್ಪನ ಕೈ ನಡುಗುತ್ತಾ?" ಎಂದು ನಿನ್ನ ಮಾವ ಕೇಳಿದಾಗ "ಹೌದು, ಸ್ವಲ್ಪ" ಎಂದವಳು ನೀನು. ಅದು ಸುಳ್ಳೆಂದು ನಿನಗೂ ಗೊತ್ತಿತ್ತು. ಒಳಮೈಯ ಅಚ್ಚಿನಲ್ಲಿ ಕೊನೆಯ ಸಾಲಾಗಿ ನಿನ್ನ ಹೆಸರನ್ನೂ ಜೋಡಿಸಿದ್ದೆ. ಕಾಗದಕ್ಕೆ ಒತ್ತುವ ಮೊದಲೇ ನಿನ್ನಪ್ಪ ಉಳಿದ ಒಂದೇ ಕಣ್ಣಲ್ಲಿ ಹುಡುಕಿ ಹುಡುಕಿ ಅದರ ಒಂದೊಂದೇ ಅಚ್ಚುಮೊಳೆ ಕಿತ್ತರು. ನಾನಾಗಿದ್ದರೆ ಕೀಳುತ್ತಿರಲಿಲ್ಲ.