ಮೂರು ಆಯ್ಕೆಗಳ ರಾಯಭಾರಿಗೆ

ಮನೆಯಿಂದ,
ಗುರುವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಪೀಚು,

ನಿನ್ನ ಬೆನ್ನುನೋವು ಈಗ ಹೇಗಿದೆ? ಹೋದ ಪತ್ರದಲ್ಲಿ ನೀನು "ಸುಧಾರಣೆಯ ಲಕ್ಷಣಗಳು ಕಂಡುಬಂದಿವೆ" ಎಂದು ಬರೆದಿದ್ದೆ. ಅದು ನಿನ್ನ ಬೆನ್ನಿನ ಸುದ್ದಿಯೋ, ನೀನು ಆರು ವಾರದಿಂದ ನಡೆಸುತ್ತಿರುವ ನದಿನೀರಿನ ಮಾತುಕತೆಯ ಸುದ್ದಿಯೋ ನನಗೆ ತಿಳಿಯಲಿಲ್ಲ. ಬೆನ್ನಿನದೇ ಇರಲಿ ಎಂದುಕೊಂಡು ಸಂತೋಷಪಟ್ಟೆ. ಗಟ್ಟಿ ಹಾಸಿಗೆಯಲ್ಲಿ ಮಲಗು, ಊಟದ ಮೇಜಿನಲ್ಲಿ ಗಂಟೆಗಟ್ಟಲೆ ಕೂತು ನಗಬೇಡ. ಲಕೋಟೆಯ ಮೇಲೆ "ಘನತೆವೆತ್ತ ರಾಯಭಾರಿಗಳಿಗೆ" ಎಂದು ದುಂಡಗೆ ಬರೆದಿದ್ದೇನೆ, ನಿನ್ನ ಆಫೀಸಿನವರ ಸಮಾಧಾನಕ್ಕೆ ಅಷ್ಟು ಸಾಕು. ಒಳಗಡೆ ನೀನು ಪೀಚುವೇ, ನಾನು ನಿನ್ನ ಅಕ್ಕನೇ, ಮತ್ತು ನನಗೆ ತಲೆ ಕೆಟ್ಟುಹೋಗಿದೆ.

ಅಮ್ಮ ಹಾಗೇ ಇದ್ದಾಳೆ. ಹಾಗೇ ಎಂದರೆ ಹಾಸಿಗೆಯಿಂದ ಕಿಟಕಿಯವರೆಗೆ ನಡೆದು ಐದು ನಿಮಿಷ ಕುರ್ಚಿ ಹಿಡಿದು ನಿಲ್ಲುತ್ತಾಳೆ, ಯಾರಾದರೂ ನೋಡಿದರೆ ಬೀದಿ ನೋಡುತ್ತಿದ್ದೆ ಎನ್ನುತ್ತಾಳೆ. ಹೃದಯದ ಕವಾಟ ಬಿಗಿದುಕೊಂಡಿದೆ ಎಂದು ನಿನಗೆ ಮೊದಲೇ ತಿಳಿಸಿದ್ದೆ. ಶಸ್ತ್ರವೈದ್ಯೆ ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಮಾತಾಡುವವಳಲ್ಲ. ಕವಾಟ ಬದಲಾಯಿಸಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಓಡಾಡಿಕೊಂಡಿರಬಹುದು, ಬಿಟ್ಟರೆ ಆರು ತಿಂಗಳು, ಎಂಬತ್ತೊಂದರ ವಯಸ್ಸಿನಲ್ಲಿ ಅಪಾಯವಂತೂ ಇದ್ದೇ ಇದೆ ಎಂದಳು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ನನ್ನ ಮಗನ್ನ ಕೇಳ್ಬೇಕು" ಎಂದಳು. ಪಕ್ಕದಲ್ಲಿ ಕೂತಿದ್ದ ಮಗಳು ಲೆಕ್ಕಕ್ಕಿಲ್ಲ. ಒಪ್ಪಿಗೆಯ ಫಾರಂ ಮೂರು ವಾರದಿಂದ ಅವಳ ದಿಂಬಿನ ಕೆಳಗೆ ಮಡಿಸಿಕೊಂಡು ಬಿದ್ದಿದೆ. ಫೋನಿನಲ್ಲಿ ಹೇಳು ಎಂದರೆ ಅವಳಿಗೆ ಕಿವಿ ಕೇಳಿಸುವುದಿಲ್ಲ, ನಿನ್ನ ಕೈಯಿಂದ ಸಭಾಂಗಣದ ಬಾಗಿಲಲ್ಲೇ ಫೋನು ಕಸಿದುಕೊಳ್ಳುತ್ತಾರೆ. ನಿನ್ನ ಆಪ್ತ ಕಾರ್ಯದರ್ಶಿಯಂತೂ ನಾನು ಫೋನು ಮಾಡಿದಾಗಲೆಲ್ಲ "ತಮ್ಮ ಕರೆಯನ್ನು ದಾಖಲಿಸಿಕೊಂಡಿದ್ದೇವೆ ಮೇಡಂ" ಎಂದು ಎಷ್ಟು ವಿನಯದಿಂದ ಹೇಳುತ್ತಾನೆಂದರೆ, ಬೈಯುವುದಕ್ಕೂ ಆಗುವುದಿಲ್ಲ. ನಾನು ನಿನಗೆ ಬರೆದ ಮೊದಲ ಪತ್ರಕ್ಕೆ ಕಡತದ ಸಂಖ್ಯೆ ಹಾಕಿದ ಸ್ವೀಕೃತಿ ಬಂತು. ನಮ್ಮಮ್ಮನ ಹೃದಯಕ್ಕೆ ಈಗ ಒಂದು ಸಂಖ್ಯೆ ಇದೆ ಪೀಚು.

ಆಮೇಲೆ ಮಹಾರಾಯರ ಉತ್ತರ ಬಂತು. ಐದು ಪುಟ, ಜೊತೆಗೆ ಒಂದು ಅನುಬಂಧ. ಅಮ್ಮ ದಿಂಬಿಗೆ ಒರಗಿ ಕೂತು, ತಲೆ ಬಾಚಿಸಿಕೊಂಡು, ನೀನೇ ಬಂದಿದ್ದೀಯೇನೋ ಎನ್ನುವ ಹಾಗೆ ಸಿದ್ಧಳಾದಳು. ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಓದಿದೆ. ಆಯ್ಕೆ ಒಂದು, ಶಸ್ತ್ರಚಿಕಿತ್ಸೆ, ಅದರ ಅನುಕೂಲಗಳು, ಅದರ ಅನನುಕೂಲಗಳು. ಆಯ್ಕೆ ಎರಡು, ಔಷಧಿಯಲ್ಲೇ ಮುಂದುವರಿಯುವುದು. ಆಯ್ಕೆ ಮೂರು, ಮತ್ತೊಬ್ಬ ತಜ್ಞರ ಅಭಿಪ್ರಾಯ ಬರುವವರೆಗೆ ಯಥಾಸ್ಥಿತಿ. ಕೊನೆಗೆ, "ಅಮ್ಮನ ಭಾವನೆಗಳಿಗೆ ಸೂಕ್ತ ಗೌರವ ನೀಡುತ್ತ, ಎಲ್ಲ ಅಂಶಗಳನ್ನೂ ಸಮಗ್ರವಾಗಿ ಪರಿಗಣಿಸಿ ಮುಂದುವರಿಯುವುದು ಸೂಕ್ತವೆನಿಸಬಹುದು." ಓದಿ ಓದಿ ನನ್ನ ಗಂಟಲು ಒಣಗಿತು. ಅಮ್ಮ, "ಅದೆಲ್ಲಾ ಸರಿ, ಮಾಡಿಸ್ಕೋ ಅಂದ್ನಾ, ಬೇಡ ಅಂದ್ನಾ?" ಎಂದು ಕೇಳಿದಳು. ನಾನು ಮತ್ತೆ ಮೊದಲಿಂದ ಹುಡುಕಿದೆ. ಅನುಬಂಧದಲ್ಲೂ ಹುಡುಕಿದೆ. ಮೂವತ್ತು ವರ್ಷ ನ್ಯಾಯಾಲಯದಲ್ಲಿ ತೀರ್ಪುಗಳನ್ನು ಬೆರಳಚ್ಚು ಮಾಡಿದವಳು ನಾನು. ಎಂಥ ಉದ್ದದ ತೀರ್ಪಾದರೂ ಕೊನೆಯಲ್ಲಿ ಒಂದು ಸಾಲು ಇರುತ್ತದೆ, ಅರ್ಜಿ ಮಂಜೂರು ಅಥವಾ ವಜಾ. ನಿನ್ನ ಐದು ಪುಟದಲ್ಲಿ ಆ ಸಾಲು ಎಲ್ಲೂ ಸಿಗಲಿಲ್ಲ. "ಅವನಿಗೇನೂ ತೋಚ್ಲಿಲ್ಲ ಅಂದ್ರೆ ಬೇಡ ಬಿಡು," ಎಂದು ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು.

ನಿನ್ನ ಕೆಲಸವೇ ಅದು ಎಂದು ನನಗೂ ಗೊತ್ತು. ವಿದೇಶಾಂಗ ಇಲಾಖೆಗೆ ಹೋದ ಮೇಲೆ ನೀನು ಮೇಲೇರಿದ್ದೆಲ್ಲ ಆ ಕೈಚಳಕದಿಂದಲೇ. ಸಚಿವರು ಬದಲಾದರು, ನೀನು ಉಳಿದೆ. ಎರಡು ಕಡೆಯವರೂ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋಗುವ ಹೊತ್ತಿಗೆ ನೀನು ಒಂದು ವಾಕ್ಯ ಬರೆದುಕೊಟ್ಟರೆ, ಇಬ್ಬರೂ ತಮಗೆ ಬೇಕಾದ ಅರ್ಥ ಮಾಡಿಕೊಂಡು ಕೈಕುಲುಕುತ್ತಿದ್ದರು. ಆ ಬಂದರಿನ ಒಪ್ಪಂದದ ದಿನ ಪತ್ರಿಕೆಯಲ್ಲಿ ನಿನ್ನ ಫೋಟೋ ಬಂದಾಗ ಅಮ್ಮ ಅದನ್ನು ಕತ್ತರಿಸಿ, ತರಕಾರಿಯವನಿಗೂ ತೋರಿಸಿ, ಬೀರುವಿನಲ್ಲಿಟ್ಟಳು. ಉಪಕಾರ್ಯದರ್ಶಿ, ಕಾರ್ಯದರ್ಶಿ, ಮೂರು ರಾಜಧಾನಿಗಳಲ್ಲಿ ರಾಯಭಾರಿ, ನಿವೃತ್ತಿಯಾಗಬೇಕಾದ ವರ್ಷ ಮತ್ತೆರಡು ವರ್ಷದ ವಿಸ್ತರಣೆ. ನನಗೂ ಹೆಮ್ಮೆ ಇಲ್ಲವೆಂದಲ್ಲ. ಆದರೆ ಆಫೀಸಿನ ಮಾತನ್ನು ಮನೆಗೂ ಹೊತ್ತು ತಂದೆಯಲ್ಲ, ಅದಕ್ಕೆ ಏನು ಹೇಳಲಿ? ನಿನ್ನ ಹೆಂಡತಿ ಹೋದ ಸಲ ಬಂದಾಗ, "ಪರದೆ ನೀಲಿ ತರ್ಲಾ ಹಸಿರು ತರ್ಲಾ ಅಂತ ಕೇಳಿದ್ರೆ, ಎರಡಕ್ಕೂ ಅದರದರ ಸಮರ್ಥನೆ ಇದೆ ಅಂತಾರೆ ಅತ್ತಿಗೆ" ಎಂದಳು. ಆ ಕಿಟಕಿಗೆ ಎರಡು ವರ್ಷ ಪರದೆಯೇ ಇರಲಿಲ್ಲವಂತೆ. ನಾವಿಬ್ಬರೂ ನಕ್ಕೆವು, ಆಮೇಲೆ ಅವಳು ನಗುವುದನ್ನು ನಿಲ್ಲಿಸಿದಳು. ಹಬ್ಬಹರಿದಿನ, ಮದುವೆ ಮುಂಜಿ, ಏನೇ ಬರಲಿ, ನಿನ್ನಿಂದ ಬರುವುದು ಒಂದೇ ಮಾತು, "ಬರಲು ಪ್ರಯತ್ನಿಸುತ್ತೇನೆ." ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಅದನ್ನೇ ಬರೆದೆ. ನೀನು ಪ್ರಯತ್ನಿಸಿ ಮುಗಿಸುವಷ್ಟರಲ್ಲಿ ಅಪ್ಪ ಇರಲಿಲ್ಲ. ಅದನ್ನು ನಾನು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ನೀನು ಹುಟ್ಟಾ ಹೀಗಿರಲಿಲ್ಲ, ಅದೇ ನನ್ನ ಹೊಟ್ಟೆಯುರಿ. ಇಪ್ಪತ್ತೆಂಟರ ವಯಸ್ಸಿಗೆ ಆ ಸಣ್ಣ ಊರಿಗೆ ಅಧಿಕಾರಿಯಾಗಿ ಹೋದವನು, ಸೇತುವೆಯ ಕಂಬದಲ್ಲಿ ಬಿರುಕು ನೋಡಿ, ಮೇಲಿನವರನ್ನು ಕೇಳದೆ, ಕಡತದ ಮೇಲೆ ಕೆಂಪು ಶಾಯಿಯಲ್ಲಿ "ಮುಚ್ಚಿ" ಎಂದು ಒಂದೇ ಪದ ಬರೆದೆ. ಅಂಗಡಿಯವರು ನಿನ್ನ ಆಫೀಸಿಗೆ ಕಲ್ಲು ಹೊಡೆದರು. ಹತ್ತನೆಯ ದಿನ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಸುತ್ತು ದಾರಿಯಲ್ಲಿ ಕರೆದೊಯ್ಯುವಾಗ ಅವಳು ಗಾಡಿಯಲ್ಲೇ ತೀರಿಕೊಂಡಳು. ಆಮೇಲೆ ಬಂದ ಎಂಜಿನಿಯರುಗಳು ಸೇತುವೆ ಇನ್ನೂ ಹತ್ತು ವರ್ಷ ತಡೆಯುತ್ತಿತ್ತು ಎಂದು ವರದಿ ಕೊಟ್ಟರು. ನಿನ್ನನ್ನು ದಾಖಲೆಗಳ ಕೋಣೆಗೆ ಎತ್ತಿಹಾಕಿದರು. ಆ ವರ್ಷ ಮನೆಗೆ ಬಂದವನು ಹಿತ್ತಿಲ ಮೆಟ್ಟಿಲ ಮೇಲೆ ಕೂತು, "ಅಕ್ಕಾ, ಅವಳ ಗಂಡ ನನ್ನ ಬೈಯ್ಲೇ ಇಲ್ಲ, ಕೂತ್ಕೊಳ್ಳಿ ಸಾರ್ ಅಂದ" ಎಂದು ಅತ್ತೆ. ಅದನ್ನು ನೋಡಿದವಳು ನಾನೊಬ್ಬಳೇ. ಅಲ್ಲಿಂದಾಚೆ ನೀನು ಒಂದು ಪದದ ಆದೇಶ ಬರೆದದ್ದನ್ನು ಯಾರೂ ಕಂಡಿಲ್ಲ. ಅಮ್ಮನಿಗೆ ಮಾಡಿಸಿಕೋ ಎಂದು ಬರೆದು, ಅವಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಉಳಿದುಬಿಟ್ಟರೆ ಎಂದು ನಿನಗೆ ಹೆದರಿಕೆ. ಗೊತ್ತು ಕಣೋ. ನನಗೂ ಹೆದರಿಕೆಯೇ. ಆದರೆ ಏನೂ ಬರೆಯದಿದ್ದರೂ ಅದು ಬೇಡ ಎಂದು ಬರೆದ ಹಾಗೆಯೇ ಆಗುತ್ತದೆ, ಅವಳು ಹಾಗೆಯೇ ಓದಿಕೊಂಡಿದ್ದಾಳೆ.

ಆದ್ದರಿಂದ ಆ ನದಿಯನ್ನು ಒಂದು ಗಂಟೆ ಅದರ ಪಾಡಿಗೆ ಹರಿಯಲು ಬಿಟ್ಟು, ಒಂದು ಹಾಳೆಯಲ್ಲಿ ಒಂದು ಸಾಲು ಬರೆದು ಕಳಿಸು. ಬೇಡ ಎನ್ನುವುದಾದರೂ ಬೇಡ ಎಂದೇ ಬರೆ, ನಾನು ಅವಳನ್ನು ಹೇಗೋ ನೋಡಿಕೊಳ್ಳುತ್ತೇನೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಕ್ಕಳಿಗೆ ಆಶೀರ್ವಾದ. ನಿನಗೂ ಆಶೀರ್ವಾದವೇ, ಎಷ್ಟೇ ಸಿಟ್ಟು ಬಂದರೂ ಅದನ್ನು ತಡೆದಿಡುವುದು ನನ್ನಿಂದಾಗದು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮೇಲೆ ಬೇಸರಗೊಂಡಿರುವ,
ಅಕ್ಕ

ಮರೆತ ಮಾತು: ಈಗ ಸಂಜೆ ನಾಲ್ಕು ಗಂಟೆ. ಪತ್ರ ಮಡಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಮುಂದಿನ ಬುಧವಾರ ಜಾಗವಿದೆ, ಇವತ್ತು ಐದರೊಳಗೆ ಫಾರಂ ಬರದಿದ್ದರೆ ಬೇರೆಯವರಿಗೆ, ಆಮೇಲೆ ಮೂರು ತಿಂಗಳು ಶಸ್ತ್ರವೈದ್ಯೆ ಊರಲ್ಲಿರುವುದಿಲ್ಲ ಎಂದರು. ನಿನ್ನ ಉತ್ತರಕ್ಕೆ ಕಾಯಲು ಸಮಯವಿರಲಿಲ್ಲ. ಹಳೆಯ ಬೆರಳಚ್ಚು ಯಂತ್ರ ತೆಗೆದು, ನಿನ್ನ ಹೆಸರಿನಲ್ಲಿ ಅಮ್ಮನಿಗೆ ನಾನೇ ಒಂದು ಪತ್ರ ಟೈಪು ಮಾಡಿದೆ, ನಿನ್ನ ಸಹಿಯನ್ನೂ ನಾನೇ ಹಾಕಿದೆ, ಉದ್ದನೆಯ ಒಂದು ಗೆರೆ, ಕೆಳಗೆ ಚುಕ್ಕೆ, ಅದೇನು ಕಷ್ಟದ ಸಹಿಯಲ್ಲ. ಇದಕ್ಕೆ ಕಾನೂನಿನಲ್ಲಿ ಏನೆನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಬರೆದದ್ದು ಇಷ್ಟೇ: "ಅಮ್ಮಾ, ಮಾಡಿಸ್ಕೋ. ನಾನು ಬರ್ತೀನಿ." ಇಷ್ಟು ಗಿಡ್ಡ ಪತ್ರ ನಿನ್ನದಲ್ಲವೆಂದು ಹಿಡಿದುಬಿಡುತ್ತಾಳೆಂದು ಹೆದರಿದ್ದೆ. ಅವಳು ಕನ್ನಡಕ ಹಾಕಿಕೊಂಡು ತಾನೇ ಎರಡು ಸಲ ಓದಿದಳು, "ನೋಡು, ಮನಸ್ಸು ಮಾಡಿದ್ರೆ ಎಷ್ಟು ಚೆನ್ನಾಗಿ ಬರೀತಾನೆ" ಎಂದಳು, ಪೆನ್ನು ಕೇಳಿ ದಿಂಬಿನ ಕೆಳಗಿನ ಫಾರಂಗೆ ಸಹಿ ಹಾಕಿದಳು. ಅದನ್ನು ಆಗಲೇ ಆಸ್ಪತ್ರೆಗೆ ಕೊಟ್ಟು ಬಂದೆ. ಮಾಡಿಸ್ಕೋ ಎಂದದ್ದು ನಾನು. ಏನೇ ಆದರೂ ಅದು ನನ್ನ ತಲೆಯ ಮೇಲಿರಲಿ, ನೀನು ಮತ್ತೆ ಯಾವ ಮೆಟ್ಟಿಲ ಮೇಲೂ ಕೂತು ಅಳಬೇಕಾಗಿಲ್ಲ. ಬರ್ತೀನಿ ಎಂದದ್ದನ್ನು ಮಾತ್ರ ನಾನು ನಡೆಸಿಕೊಡಲಾರೆ. ತುರ್ತು ಅಂಚೆಯಲ್ಲಿ ಈ ಪತ್ರ ಶನಿವಾರ ನಿನ್ನ ಕೈಸೇರುತ್ತದೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಅವಳನ್ನು ಒಳಗೆ ಕರೆದೊಯ್ಯುತ್ತಾರೆ. ಏಳೂವರೆಗೇ ಬಾ, ಏಳರಿಂದಲೇ ಅವಳು ಬಾಗಿಲ ಕಡೆ ನೋಡುತ್ತಿರುತ್ತಾಳೆ.